ವಿಕೆಆರ್‌ವಿ ರಾವ್ ರಸ್ತೆ ಗೊತ್ತು, ರಾವ್ ಯಾರು ಅಂತ ಗೊತ್ತಾ?

ವಿಜಯನಗರ, ಚಂದ್ರಾ ಲೇಔಟ್ ಕಡೆ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಕೋಚಿಂಗಿಗೆ ಬಂದು ಪಿಜಿಗಳಲ್ಲಿ ಉಳಿದಿರುವ ಹುಡುಗ ಹುಡುಗಿಯರಿಗೆ ಒಂದು ಪ್ರಶ್ನೆ ಬಾಯಿಪಾಠ. ಭಾರತದ ರಾಷ್ಟ್ರೀಯ ಆದಾಯವನ್ನು ಮೊದಲು ವೈಜ್ಞಾನಿಕವಾಗಿ ಲೆಕ್ಕ ಹಾಕಿದವರು ಯಾರು? ಉತ್ತರ ವಿಕೆಆರ್‌ವಿ ರಾವ್. ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋಗ್ತಾರೆ. ಅಲ್ಲಿಂದ ಸ್ವಲ್ಪ ದೂರದ ನಾಗರಭಾವಿಯಲ್ಲಿ ಅದೇ ರಾವ್ ಹೆಸರಿನ ರಸ್ತೆ ಇದೆ, ಅವರೇ ಕಟ್ಟಿದ ಸಂಸ್ಥೆಯೂ ಇದೆ. ಓದಿದವರಿಗೆ ಕೆಲಸ ಯಾಕೆ ಸಿಗ್ತಿಲ್ಲ, ಸರ್ಕಾರದ ಯೋಜನೆಯಿಂದ ಯಾರಿಗೆ ಏನು ಸಿಕ್ಕಿತು ಅನ್ನೋದೆಲ್ಲ ಅಲ್ಲಿ ಸಂಶೋಧನೆಯ ವಿಷಯ.

ರಾವ್ ಹುಟ್ಟಿದ್ದು 1908ರ ಜುಲೈ 8ರಂದು, ಕಾಂಚೀಪುರಂನಲ್ಲಿ. ಮುಂಬೈನಲ್ಲಿ ಓದಿ ಕೇಂಬ್ರಿಡ್ಜ್‌ಗೆ ಹೋದರು. 1937ರಲ್ಲಿ ಅಲ್ಲಿ ಡಾಕ್ಟರೇಟ್ ಸಿಕ್ಕಿತು, ವಿಷಯ ಭಾರತದ ರಾಷ್ಟ್ರೀಯ ಆದಾಯ. ಅದಕ್ಕೂ ಮೊದಲು ದಾದಾಭಾಯಿ ನವರೋಜಿ ಒಬ್ಬ ಭಾರತೀಯನ ವರ್ಷದ ಆದಾಯ 20 ರೂಪಾಯಿ ಅಂತ ಅಂದಾಜು ಮಾಡಿದ್ದರು. ರಾವ್ ಬೇರೆ ದಾರಿ ಹಿಡಿದರು. ಹೊಲದಲ್ಲಿ ಬೆಳೆದದ್ದಕ್ಕೆ ಉತ್ಪಾದನೆಯ ಲೆಕ್ಕ, ವ್ಯಾಪಾರ ನೌಕರಿ ಮಾಡುವವರಿಗೆ ಸಂಪಾದನೆಯ ಲೆಕ್ಕ, ಎರಡನ್ನೂ ಕೂಡಿಸಿದರು. 1931-32ಕ್ಕೆ ತಲಾ ಆದಾಯ 60 ರೂಪಾಯಿ ಆಸುಪಾಸು ಬಂತು. ತಿಂಗಳಿಗಲ್ಲ, ವರ್ಷಕ್ಕೆ.

ಆ ಕಾಲದ ಕೇಂಬ್ರಿಡ್ಜ್ ಅಂದ್ರೆ ಕೇನ್ಸ್. ಸರ್ಕಾರ ದುಡ್ಡು ಸುರಿದರೆ ಅದು ಕೈಯಿಂದ ಕೈಗೆ ಹೋಗಿ ಉದ್ಯೋಗ ಹೆಚ್ಚುತ್ತೆ ಅನ್ನೋದು ಕೇನ್ಸ್ ಸಿದ್ಧಾಂತ. 1952ರಲ್ಲಿ ರಾವ್ ಒಂದು ಲೇಖನ ಬರೆದು, ಇದು ನಮ್ಮಂಥ ದೇಶದಲ್ಲಿ ಹಾಗೇ ನಡೆಯಲ್ಲ ಅಂತ ವಾದಿಸಿದರು. ಇಂಗ್ಲೆಂಡಿನಲ್ಲಿ ಕಾರ್ಖಾನೆ ನಿಂತಿರುತ್ತೆ, ಕೂಲಿಗೆ ಜನ ಕಾಯ್ತಿರ್ತಾರೆ, ದುಡ್ಡು ಬಂದರೆ ಎರಡೂ ಶುರು. ಇಲ್ಲಿ ಇಬ್ಬರು ಮಾಡುವ ಹೊಲದ ಕೆಲಸವನ್ನು ಮನೆಯ ಐದು ಜನ ಹಂಚಿಕೊಂಡಿರ್ತಾರೆ. ಹೊರಗಿನಿಂದ ನೋಡಿದರೆ ಯಾರೂ ನಿರುದ್ಯೋಗಿ ಅಲ್ಲ, ಕೂಲಿ ಕೇಳಿಕೊಂಡು ಬರೋದೂ ಇಲ್ಲ. ಕೈಗೆ ನಾಲ್ಕು ಕಾಸು ಜಾಸ್ತಿ ಬಂದರೆ ಮೊದಲು ಹೊಟ್ಟೆ ತುಂಬಿಸಿಕೊಳ್ತಾರೆ. ಸಂತೆಗೆ ಬರುವ ಧಾನ್ಯ ಕಮ್ಮಿಯಾಗಿ ಬೆಲೆ ಏರುತ್ತೆ, ಉದ್ಯೋಗ ಅಷ್ಟಾಗಿ ಏರಲ್ಲ. ಕೇನ್ಸ್ ಹೆಸರು ದೇವರ ಹೆಸರಿನ ಹಾಗೆ ನಡೀತಿದ್ದ ದಿನಗಳಲ್ಲಿ ಇಷ್ಟು ಹೇಳೋಕೆ ಧೈರ್ಯ ಬೇಕಿತ್ತು.

ಸಂಸ್ಥೆ ಕಟ್ಟೋದು ಅವರಿಗೆ ಒಂಥರಾ ಚಟ. 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, 1958ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್. ನಡುವೆ ದೆಹಲಿ ವಿವಿ ಕುಲಪತಿ, ಆಮೇಲೆ ಯೋಜನಾ ಆಯೋಗದ ಸದಸ್ಯ. 1967ರಲ್ಲಿ ಬಳ್ಳಾರಿಯಿಂದ ಗೆದ್ದು ಲೋಕಸಭೆಗೆ ಹೋದರು. 1969ರಲ್ಲಿ ಕೇಂದ್ರ ಶಿಕ್ಷಣ ಮಂತ್ರಿ. ಡಿಗ್ರಿಯಲ್ಲಿ ಎನ್‌ಎಸ್‌ಎಸ್ ಕ್ಯಾಂಪಿಗೆ ಹೋಗಿ ಹಳ್ಳಿ ಚರಂಡಿ ಕ್ಲೀನ್ ಮಾಡಿದವರು ಇದನ್ನ ಕೇಳಿ: ಆ ಎನ್‌ಎಸ್‌ಎಸ್ ಶುರು ಮಾಡಿದ ಮಂತ್ರಿ ಇವರೇ. 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ. ಕ್ಲಾಸ್‌ರೂಮಿನಲ್ಲಿ ಕೂತವರಿಗೆ ಊರು ಗೊತ್ತಾಗಲಿ ಅನ್ನೋದು ಉದ್ದೇಶ.

1971ರಲ್ಲಿ ಮಂತ್ರಿಗಿರಿ ಹೋಯ್ತು. ಬೇರೆಯವರಾಗಿದ್ರೆ ಇನ್ನೊಂದು ಕುರ್ಚಿಗೆ ಓಡಾಡ್ತಿದ್ರೇನೋ. ರಾವ್ ಬೆಂಗಳೂರಿನಲ್ಲಿ 1972ರಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಕಟ್ಟಿದರು. ಅದೇ ಇವತ್ತಿನ ಐಸೆಕ್. ನಾಗರಭಾವಿ ಆಗ ಊರಾಚೆಯ ಹಳ್ಳಿ. ಹೆಸರಲ್ಲಿ ಸಾಮಾಜಿಕ ಅನ್ನೋದು ಆರ್ಥಿಕಕ್ಕಿಂತ ಮುಂದಿರೋದನ್ನ ಗಮನಿಸಿ. ಬರೀ ಅಂಕಿ ಅಂಶ ಸಾಲದು, ಜಾತಿ, ಕುಟುಂಬ, ಊರು ತಿಳಿದವರೂ ಬೇಕು ಅಂತ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರನ್ನು ದೆಹಲಿಯಿಂದ ಕರೆಸಿ ಜಂಟಿ ನಿರ್ದೇಶಕರನ್ನಾಗಿ ಮಾಡಿಕೊಂಡರು. 1977ರವರೆಗೆ ರಾವ್ ತಾವೇ ನಿರ್ದೇಶಕರು. ಶಾಲೆ, ಕೃಷಿ, ಜನಸಂಖ್ಯೆ, ಉದ್ಯೋಗ ಖಾತ್ರಿ ಹೀಗೆ ಸರ್ಕಾರದ ಯೋಜನೆಗಳನ್ನು ಫೀಲ್ಡಿಗೆ ಹೋಗಿ ಪರಿಶೀಲಿಸೋ ಕೆಲಸ ಅಲ್ಲಿ ಇಂದಿಗೂ ನಡೀತಿದೆ. ವರದಿಗಳು ಬಹುಪಾಲು ಇಂಗ್ಲಿಷಿನಲ್ಲೇ ಇರೋದರಿಂದ ಪಕ್ಕದ ಬೀದಿಯ ನಿರುದ್ಯೋಗಿಗೆ ತಲುಪಲ್ಲ, ಆ ಮಾತು ಬೇರೆ.

ರಾವ್ ತೀರಿಕೊಂಡಿದ್ದು 1991ರ ಜುಲೈ 25ರಂದು. ಹಿಂದಿನ ದಿನವಷ್ಟೇ ಮನಮೋಹನ್ ಸಿಂಗ್ ಉದಾರೀಕರಣದ ಬಜೆಟ್ ಮಂಡಿಸಿದ್ದರು. ರಾವ್ ಕಟ್ಟಿದ ದೆಹಲಿ ಸ್ಕೂಲಿನಲ್ಲೇ ಒಂದು ಕಾಲಕ್ಕೆ ಪ್ರೊಫೆಸರ್ ಆಗಿದ್ದವರು ಸಿಂಗ್.

ಇನ್ನೊಂದು ವಿಷಯ ಕೋಚಿಂಗ್ ನೋಟ್ಸಿನಲ್ಲಿ ಸಾಮಾನ್ಯವಾಗಿ ಇರಲ್ಲ. ಬಡ ದೇಶಗಳಿಗೆ ಸುಲಭ ಷರತ್ತಿನ ಸಾಲ ಕೊಡುವ ವ್ಯವಸ್ಥೆ ಬೇಕು ಅಂತ 1949ರಲ್ಲೇ ವಿಶ್ವಸಂಸ್ಥೆಯಲ್ಲಿ ಪ್ರಸ್ತಾಪ ಇಟ್ಟವರು ರಾವ್. ಶ್ರೀಮಂತ ದೇಶಗಳು ಒಪ್ಪಲಿಲ್ಲ. ಚರ್ಚೆ ಎಳೆದಾಡಿ ಕೊನೆಗೆ 1960ರಲ್ಲಿ ವಿಶ್ವಬ್ಯಾಂಕಿನ ಅಂಗವಾಗಿ ಐಡಿಎ ಬಂತು. ಕರ್ನಾಟಕದಲ್ಲಿ ಪ್ರಾಥಮಿಕ ಶಾಲೆಗಳಿಗಾಗಿ ಡಿಪಿಇಪಿ ಯೋಜನೆ ಶುರುವಾದಾಗ ಮಂಡ್ಯ, ಕೋಲಾರ, ಬೆಳಗಾವಿ, ರಾಯಚೂರು ಜಿಲ್ಲೆಗಳಿಗೆ ಬಂದ ದುಡ್ಡು ಆ ಐಡಿಎ ಸಾಲದ್ದೇ. ಅದು 1994. ರಾವ್ ಪ್ರಸ್ತಾಪ ಇಟ್ಟು ಅಷ್ಟೊತ್ತಿಗೆ 45 ವರ್ಷ ಆಗಿತ್ತು.