ಜನವರಿ 14ರ ಪಾಠ

ಬೋಧನಾಭ್ಯಾಸಕ್ಕೆ ನಮ್ಮ ತಂಡದ ಪಾಲಿಗೆ ಬಂದದ್ದು ಸೋಮವಾರಪೇಟೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ಜನವರಿಯ ಎರಡನೆಯ ವಾರ. ಭೂಸೇನಾ ದಿನ ಹತ್ತಿರವಿದ್ದುದರಿಂದ ಎಂಟನೆಯ ತರಗತಿಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಜೀವನ ಪರಿಚಯ ಮಾಡಿಕೊಡಬೇಕೆಂದು ಅಲ್ಲಿಯ ಮುಖ್ಯೋಪಾಧ್ಯಾಯರು ಹೇಳಿದರು. ಸುಲಭದ ಪಾಠ ಸಿಕ್ಕಿತೆಂದು ನನಗೆ ಸಂತೋಷವೇ ಆಯಿತು. ಅವರು ಹುಟ್ಟಿದ ಶನಿವಾರಸಂತೆ ಅಲ್ಲಿಂದ ದೂರವೇನಲ್ಲ. ಹೆಸರು ಕೇಳದ ಮಗು ತರಗತಿಯಲ್ಲಿ ಇರಲಾರದು.

ನಾನು ಮಾಡಿಕೊಂಡ ಪಾಠಯೋಜನೆ ಒಂದು ಚಾರ್ಟಿನ ಸುತ್ತ ನಿಂತಿತ್ತು. ಕ್ವೆಟ್ಟಾ ಸ್ಟಾಫ್ ಕಾಲೇಜಿಗೆ ಆಯ್ಕೆಯಾದ ಮೊದಲ ಭಾರತೀಯ ಅಧಿಕಾರಿ, ಬೆಟಾಲಿಯನ್ ಒಂದರ ನಾಯಕತ್ವ ವಹಿಸಿದ ಮೊದಲ ಭಾರತೀಯ, ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ. ಹೀಗೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಐದಾರು ಮೊದಲುಗಳು. ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಂಡರು. ಮೌಲ್ಯಮಾಪನದ ಪ್ರಶ್ನೆಗಳಿಗೆಲ್ಲ ಉತ್ತರ ಬಂತು. ಗಂಟೆ ಹೊಡೆಯುವುದಕ್ಕೆ ಎರಡು ನಿಮಿಷ ಮುಂಚೆಯೇ ಪಾಠ ಮುಗಿಯಿತು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಮ್ಮ ಮಾರ್ಗದರ್ಶಕ ಅಧ್ಯಾಪಕಿ ಅವಲೋಕನ ಪುಸ್ತಕದಲ್ಲಿ ಕಪ್ಪುಹಲಗೆಯ ಬರಹಕ್ಕೆ ಒಳ್ಳೆಯ ಮಾತು ಬರೆದಿದ್ದರು. ಅದರ ಕೆಳಗೆ ಒಂದೇ ಪ್ರಶ್ನೆ: ಈ ತರಗತಿಯಲ್ಲಿ ಸೈನಿಕರ ಮನೆಯ ಮಕ್ಕಳು ಎಷ್ಟು ಜನ ಇದ್ದಾರೆ, ಕೇಳಿದೆಯಾ?

ಕೇಳಿರಲಿಲ್ಲ. ಮರುದಿನ ಕೇಳಿದೆ. ಮೂವತ್ತೊಂದು ಮಕ್ಕಳಲ್ಲಿ ಒಂಬತ್ತು ಕೈಗಳು ಎದ್ದವು. ಅಪ್ಪ, ದೊಡ್ಡಪ್ಪ, ಮಾವ, ತಾತ. ಕಿಟಕಿ ಪಕ್ಕದ ಹುಡುಗನೊಬ್ಬ ತನ್ನ ತಾತ ಹವಾಲ್ದಾರ್ ಆಗಿದ್ದರು, ಈಗ ಪೇಟೆಯ ಎಟಿಎಂನಲ್ಲಿ ರಾತ್ರಿ ಕಾವಲು ಎಂದ. ಯಾವ ಎಟಿಎಂ ಎಂದು ಕೇಳಿದೆ. ಅವನು ಹೇಳಿದ್ದನ್ನು ಕೇಳಿ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಆ ವಾರ ಎರಡು ಸಲ ನಾನು ಅಲ್ಲಿಯೇ ಹಣ ತೆಗೆದಿದ್ದೆ. ಒಬ್ಬರು ಕುರ್ಚಿಯಿಂದ ಎದ್ದು ಬಾಗಿಲು ತೆರೆದದ್ದು ನೆನಪಿತ್ತು, ಮುಖ ನೆನಪಿರಲಿಲ್ಲ. ಹಿಂದಿನ ದಿನ ಅದೇ ನಾನು ಮಕ್ಕಳ ಮುಂದೆ ಸೈನಿಕರನ್ನು ಗೌರವಿಸಬೇಕು ಎಂಬ ವಾಕ್ಯವನ್ನು ಎರಡು ಸಲ ಹೇಳಿಸಿದ್ದೆ.

ಪಾಠವನ್ನು ಮತ್ತೆ ಬರೆದೆ. ಈ ಸಲ ಮೊದಲುಗಳಿಂದ ಅಲ್ಲ, ಒಂದು ಕೊನೆಯಿಂದ ಶುರುಮಾಡಿದೆ. 1953ರ ಜನವರಿ 14, ಜನರಲ್ ಕಾರ್ಯಪ್ಪ ನಿವೃತ್ತರಾದ ದಿನ. ಸೇನೆಯ ಚುಕ್ಕಾಣಿ ಹಿಡಿದ 1949ರ ಜನವರಿ 15 ಭೂಸೇನಾ ದಿನವಾಯಿತು, ಅದು ಎಲ್ಲರಿಗೂ ಗೊತ್ತು. ಸಮವಸ್ತ್ರ ಕಳಚಿದ 14ನೆಯ ತಾರೀಖನ್ನು ಈಚಿನ ವರ್ಷಗಳಲ್ಲಿ ಮಾಜಿ ಸೈನಿಕರ ದಿನವಾಗಿ ಆಚರಿಸುತ್ತಿದ್ದಾರೆ. ಸಂಕ್ರಾಂತಿಯ ಎಳ್ಳುಬೆಲ್ಲದ ನಡುವೆ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅಧಿಕಾರ ಸಿಕ್ಕ ದಿನಕ್ಕೂ ಬಿಟ್ಟ ದಿನಕ್ಕೂ ಒಬ್ಬರದೇ ನೆನಪು ಏಕೆ ಎಂಬುದೇ ನನ್ನ ಪೀಠಿಕೆಯ ಪ್ರಶ್ನೆಯಾಯಿತು.

ಕೊಡಂದೇರ ಮಾದಪ್ಪ ಕಾರ್ಯಪ್ಪ ಹುಟ್ಟಿದ್ದು 1899ರ ಜನವರಿಯಲ್ಲಿ. ಕೊಡಗು ಆಗ ಬ್ರಿಟಿಷರ ನೇರ ಆಡಳಿತದ ಸಣ್ಣ ಪ್ರಾಂತ. ತಂದೆ ಕಂದಾಯ ಇಲಾಖೆಯಲ್ಲಿದ್ದರು. ಮನೆಯಲ್ಲಿ ಹುಡುಗನನ್ನು ಚಿಮ್ಮ ಎಂದು ಕರೆಯುತ್ತಿದ್ದರು, ಇದನ್ನು ಕೇಳಿ ತರಗತಿಯಲ್ಲಿ ನಗು ಎದ್ದಿತು. ಅಂಥ ನಗು ಬರಲಿ ಬಿಡಿ, ಚಾರ್ಟಿನಲ್ಲಿರುವ ಮನುಷ್ಯ ಹತ್ತಿರ ಬರುತ್ತಾನೆ. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲು, ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. ಮೊದಲ ಮಹಾಯುದ್ಧ ನಡೆಯುತ್ತಿತ್ತು. ಭಾರತೀಯರು ಲಕ್ಷಗಟ್ಟಲೆ ಸಿಪಾಯಿಗಳಾಗಿ ಹೋರಾಡುತ್ತಿದ್ದರೂ ಅಧಿಕಾರಿಗಳಾಗಿ ದಂಡು ನಡೆಸುವ ಅವಕಾಶ ಇರಲಿಲ್ಲ. ಕೊನೆಗೆ ಆ ಬಾಗಿಲು ಸ್ವಲ್ಪ ತೆರೆದಾಗ ಇಂದೋರಿನ ಡೇಲಿ ಕಾಲೇಜಿನ ತರಬೇತಿಗೆ ಆಯ್ಕೆಯಾದವರಲ್ಲಿ ಕಾರ್ಯಪ್ಪನವರೂ ಒಬ್ಬರು. 1919ರ ಡಿಸೆಂಬರಿನಲ್ಲಿ ಅಲ್ಲಿಂದ ಹೊರಬಿದ್ದರು. ಮೆಸೊಪೊಟೇಮಿಯ, ಎಂದರೆ ಇಂದಿನ ಇರಾಕಿನಲ್ಲಿ ಸೇವೆ. ಅಲ್ಲಿಂದ ಬಂದಮೇಲೆ ರಜಪೂತ್ ರೆಜಿಮೆಂಟ್ ಅವರ ತವರಾಯಿತು.

ಮುಂದಿನ ಇಪ್ಪತ್ತು ವರ್ಷವನ್ನು ಬೇಗ ದಾಟಿಸಿದೆ. 1933ರಲ್ಲಿ ಕ್ವೆಟ್ಟಾ. 1942ರಲ್ಲಿ ಬೆಟಾಲಿಯನ್ನಿನ ನಾಯಕತ್ವ. ಬರ್ಮಾದ ಯುದ್ಧಭೂಮಿ. ಇವೆಲ್ಲ ಮೊದಲ ದಿನವೇ ಆಗಿತ್ತು. ಒಂದನ್ನು ಮಾತ್ರ ಸೇರಿಸಿದೆ: ಸ್ವಾತಂತ್ರ್ಯಕ್ಕೆ ಮುಂಚೆ ವಾಯವ್ಯ ಗಡಿಯ ಬನ್ನುವಿನಲ್ಲಿ ಬ್ರಿಗೇಡಿನ ಮುಖ್ಯಸ್ಥರಾಗಿದ್ದಾಗ ಅವರ ಕೈಕೆಳಗೆ ಅಯೂಬ್ ಖಾನ್ ಎಂಬ ಅಧಿಕಾರಿ ಇದ್ದರು. ಈ ಹೆಸರನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ ಎಂದೆ.

1947ರಲ್ಲಿ ದೇಶದ ಜೊತೆ ಸೇನೆಯೂ ಎರಡಾಯಿತು. ಒಂದೇ ಮೆಸ್ಸಿನಲ್ಲಿ ಉಂಡವರು ಎದುರುಬದುರಾದರು. ಕಾಶ್ಮೀರದಲ್ಲಿ ಕಾಳಗ ನಡೆಯುತ್ತಿದ್ದಾಗ, 1948ರ ಆರಂಭದಲ್ಲಿ ಪಶ್ಚಿಮದ ಸೇನಾಕಮಾಂಡು ಕಾರ್ಯಪ್ಪನವರ ಕೈಗೆ ಬಂತು. ಝಂಗರ್ ಮತ್ತೆ ಕೈಸೇರಿದ್ದು, ಜೋಜಿಲಾ ಕಣಿವೆದಾರಿ ತೆರೆದು ಲೇಹ್‌ಗೆ ಸಂಪರ್ಕ ಮಾಡಿಕೊಂಡದ್ದು ಅವರ ಅವಧಿಯಲ್ಲಿ. ಜೋಜಿಲಾದ ಎತ್ತರಕ್ಕೆ ಟ್ಯಾಂಕು ಹತ್ತಿಸಿದ ತಿಮ್ಮಯ್ಯನವರೂ ಕೊಡಗಿನವರೇ ಎಂದು ಒಬ್ಬ ಹುಡುಗಿ ನಾನು ಹೇಳುವ ಮೊದಲೇ ಹೇಳಿದಳು. 1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಕಾರ್ಯಪ್ಪ ಅಧಿಕಾರ ವಹಿಸಿಕೊಂಡರು. ಅದೇ ವರ್ಷ ಹುಟ್ಟಿದ ಗಾರ್ಡ್ಸ್ ರೆಜಿಮೆಂಟು ಅವರ ಕೂಸು. ಅದುವರೆಗೆ ಜಾತಿ, ಪ್ರಾಂತ ನೋಡಿ ಪಡೆ ಕಟ್ಟುವುದೇ ರೂಢಿಯಾಗಿತ್ತು. ಇದರಲ್ಲಿ ಯಾವ ಕಡೆಯವರೂ ಯಾವ ಜಾತಿಯವರೂ ಸೇರಬಹುದಾಗಿತ್ತು.

ಅದೇ 1949ರ ಡಿಸೆಂಬರ್ 7ರಂದು ಧ್ವಜ ದಿನಾಚರಣೆ ಆರಂಭವಾಯಿತು. ಕೆಂಪು, ಕಡುನೀಲಿ, ತಿಳಿನೀಲಿಯ ಆ ಪುಟ್ಟ ಬಾವುಟ ಮಕ್ಕಳಿಗೆಲ್ಲ ಪರಿಚಿತ. ಶಾಲೆಯಲ್ಲಿ ದುಡ್ಡು ಕೊಟ್ಟು ಅಂಗಿಗೆ ಚುಚ್ಚಿಕೊಳ್ಳುತ್ತಾರೆ. ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಗಡಿಗೆ ಎಂದರು ಕೆಲವರು, ಬಂದೂಕಿಗೆ ಎಂದ ಒಬ್ಬ. ಮಡಿದವರ ಮನೆಗೆ, ಗಾಯಗೊಂಡವರಿಗೆ, ಸೇವೆ ಮುಗಿಸಿ ಬಂದವರ ಕುಟುಂಬಕ್ಕೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ನಾನೂ ಚಿಕ್ಕಂದಿನಲ್ಲಿ ಎಷ್ಟೋ ಬಾವುಟ ಕೊಂಡವಳು, ಈ ಪಾಠ ಬರೆಯುವತನಕ ಯೋಚಿಸಿರಲಿಲ್ಲ.

ಇಲ್ಲಿ ಕಾರ್ಯಪ್ಪನವರನ್ನು ಸ್ವಲ್ಪ ಬದಿಗಿಟ್ಟು ಸಿಪಾಯಿಯ ಲೆಕ್ಕ ಮಾಡಿಸಿದೆ. ಹದಿನೆಂಟು, ಹತ್ತೊಂಬತ್ತಕ್ಕೆ ಸೇರಿದವನು ಹದಿನೈದೋ ಹದಿನೇಳೋ ವರ್ಷ ದುಡಿದರೆ ವಯಸ್ಸೆಷ್ಟಾಯಿತು? ಮೂವತ್ತೈದು, ಮೂವತ್ತಾರು ಎಂದು ಕೂಡಿ ಹೇಳಿದರು. ನಮ್ಮ ಮೇಷ್ಟ್ರುಗಳಿಗೆ ಅರವತ್ತರವರೆಗೆ ಕೆಲಸವಿದೆ. 2022ಕ್ಕೆ ಮುಂಚೆ ಸೇರಿದ ಸಿಪಾಯಿ ಆ ವಯಸ್ಸಿಗೆ ಪಿಂಚಣಿ ಹಿಡಿದು ಊರಿಗೆ ಬರುತ್ತಾನೆ, ಮಕ್ಕಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿರುತ್ತಾರೆ. ಸೇನೆಯ ಮನೆ ಬಿಡಬೇಕು, ಹೊಸ ಕೆಲಸ ಹುಡುಕಬೇಕು. ಸೇನೆ ಯಾವಾಗಲೂ ಎಳೆಯದಾಗಿರಬೇಕು, ಅದಕ್ಕೆ ಈ ನಿಯಮ. ಅದರ ಬೆಲೆ ತೆರುವವರು ಮಾತ್ರ ನಮ್ಮ ನಡುವೆ, ಬ್ಯಾಂಕಿನ ಬಾಗಿಲಲ್ಲಿ, ಕಾರ್ಖಾನೆಯ ಗೇಟಿನಲ್ಲಿ ನಿಂತಿರುತ್ತಾರೆ. ಕಿಟಕಿ ಪಕ್ಕದ ಹುಡುಗ ಆಗ ನನ್ನನ್ನೇ ನೋಡುತ್ತಿದ್ದ.

ಕಾರ್ಯಪ್ಪನವರ ನಿವೃತ್ತಿಗೆ ಮರಳಿದೆ. ಐವತ್ತನಾಲ್ಕು ತುಂಬುವುದರಲ್ಲಿ ಸೇನೆಯಿಂದ ಹೊರಬಂದರು. 1956ರವರೆಗೆ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಭಾರತದ ಹೈಕಮಿಷನರ್. ಆಮೇಲೆ ಮಡಿಕೇರಿಯ ರೋಶನಾರಾ ಮನೆ. ಅಲ್ಲಿ ಆರಾಮವಾಗಿ ಕೂತಿರಬಹುದಿತ್ತು. ಆದರೆ ಸೇವೆ ಬಿಟ್ಟು ಬಂದ ಸೈನಿಕರಿಗೆ ತಮ್ಮದೆನ್ನುವ ಒಂದು ದನಿ ಇಲ್ಲ ಎಂಬುದು ಅವರನ್ನು ಕಾಡಿತು. ಪಿಂಚಣಿ ತಡೆದರೆ ಯಾರ ಬಾಗಿಲು ತಟ್ಟಬೇಕು, ವಿಧವೆಯ ಅರ್ಜಿ ಯಾರು ಬರೆಯಬೇಕು? 1964ರಲ್ಲಿ ಸ್ಥಾಪನೆಯಾದ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್, ಎಂದರೆ ಮಾಜಿ ಸೈನಿಕರ ಅಖಿಲ ಭಾರತ ಸಂಘದ ಹಿಂದೆ ಇದ್ದದ್ದು ಅವರ ಶ್ರಮ. ದಂಡನಾಯಕರಾಗಿದ್ದವರು ಸಿಪಾಯಿಯ ಜೊತೆ ಒಂದೇ ಸಂಘದಲ್ಲಿ ಕೂರುವುದು ಸಣ್ಣ ಮಾತಲ್ಲ, ಅದೂ ಶಿಸ್ತು ಮತ್ತು ದರ್ಜೆಯ ವಿಷಯದಲ್ಲಿ ಅಷ್ಟು ಬಿಗಿಯಾಗಿದ್ದವರು.

ಬಿಗಿ ಎಂದೆನಲ್ಲ, ಅದನ್ನೂ ಮುಚ್ಚಿಡಲಿಲ್ಲ. ಉಡುಗೆತೊಡುಗೆ, ಊಟದ ಮೇಜಿನ ರೀತಿ ಎಲ್ಲದರಲ್ಲೂ ಇಂಗ್ಲಿಷರ ಪದ್ಧತಿ. ಹಿಂದೂಸ್ತಾನಿ ಅಷ್ಟಕ್ಕಷ್ಟೇ. ಸ್ವಾತಂತ್ರ್ಯ ಬಂದಾಗ ಜವಾನರಿಗೆ ಭಾಷಣ ಮಾಡುತ್ತ ಬಿಡುಗಡೆ ಎನ್ನುವ ಕಡೆ ಬಿಟ್ಟಿ ಎಂಬರ್ಥದ ಮಾತು ಬಳಸಿಬಿಟ್ಟರು ಎಂದು ಸೇನೆಯಲ್ಲಿ ಒಂದು ನಗೆಕಥೆಯೇ ಇದೆ. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ಆಜಾದ್ ಹಿಂದ್ ಫೌಜಿನಲ್ಲಿದ್ದವರನ್ನು ಸೇನೆಗೆ ಮತ್ತೆ ಸೇರಿಸಿಕೊಳ್ಳಲು ಅವರು ಒಪ್ಪಲಿಲ್ಲ. ಸೇನೆಗೆ ರಾಜಕೀಯ ಅಂಟಬಾರದು ಎಂಬುದು ಅವರ ನಿಲುವು. ಫೌಜಿನವರೂ ದೇಶಕ್ಕಾಗಿಯೇ ಹೋರಾಡಿದವರಲ್ಲವೇ ಎಂದು ತರಗತಿಯಲ್ಲಿ ವಾದ ಎದ್ದಿತು. ನನಗೂ ಈ ವಿಷಯದಲ್ಲಿ ಮಕ್ಕಳ ಪಕ್ಷವೇ ಸರಿ ಎನಿಸುತ್ತದೆ. ಹಾಗೆಂದು ಹೇಳಿ ಮುಂದೆ ಹೋದೆ.

ಹಲಗೆಯ ಮೂಲೆಯ ಹೆಸರಿಗೆ ಈಗ ಸರದಿ. 1965ರ ಯುದ್ಧ. ಕಾರ್ಯಪ್ಪನವರ ಮಗ ನಂದಾ ವಾಯುಪಡೆಯ ಪೈಲಟ್. ಕದನವಿರಾಮಕ್ಕೆ ಮುಂಚಿನ ಕೊನೆಯ ಹೊತ್ತಿನಲ್ಲಿ ಅವರ ಹಂಟರ್ ವಿಮಾನಕ್ಕೆ ಪೆಟ್ಟು ಬಿದ್ದು ಪಾಕಿಸ್ತಾನದ ಸೆರೆಯಾದರು. ಅಲ್ಲಿಯ ಅಧ್ಯಕ್ಷರು ಬನ್ನುವಿನ ಅದೇ ಅಯೂಬ್ ಖಾನ್. ಹಳೆಯ ಅಧಿಕಾರಿಯ ಮೇಲಿನ ಗೌರವದಿಂದ, ಮಗನನ್ನು ಬಿಟ್ಟು ಕಳಿಸಲು ಸಿದ್ಧ ಎಂದು ಹೇಳಿಕಳಿಸಿದರಂತೆ. ಸೆರೆಯಲ್ಲಿರುವ ಭಾರತದ ಸೈನಿಕರೆಲ್ಲ ತನ್ನ ಮಕ್ಕಳೇ, ನೋಡಿಕೊಳ್ಳುವುದಾದರೆ ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಲಿ, ಒಬ್ಬನಿಗೆ ಮಾತ್ರ ವಿನಾಯಿತಿ ಬೇಡ ಎಂಬ ಅರ್ಥದ ಉತ್ತರ ಮಡಿಕೇರಿಯಿಂದ ಹೋಯಿತು ಎಂಬುದು ಪ್ರಸಿದ್ಧವಾದ ಸಂಗತಿ. ಉಳಿದ ಸೆರೆಯಾಳುಗಳ ಹಾಗೆಯೇ ನಂದಾ ಕೂಡ ಕಾದರು. ಬಿಡುಗಡೆಯಾದದ್ದು ನಾಲ್ಕು ತಿಂಗಳ ಆಮೇಲೆ. ಮುಂದೆ ಏರ್ ಮಾರ್ಷಲ್ ಆದರು. ಇದನ್ನು ಹೇಳುವಾಗ ತರಗತಿ ಎಷ್ಟು ಸುಮ್ಮನಿತ್ತೆಂದರೆ ಪಕ್ಕದ ಕೋಣೆಯ ಮಗ್ಗಿ ಕೇಳಿಸುತ್ತಿತ್ತು.

1986ರ ಏಪ್ರಿಲ್ 28ರಂದು ರಾಷ್ಟ್ರಪತಿ ಭವನದಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಪ್ರದಾನವಾಯಿತು. ಮಾಣೆಕ್ ಷಾ ಅವರ ನಂತರ ಎರಡನೆಯವರು. ಫೀಲ್ಡ್ ಮಾರ್ಷಲ್ ಆದವರಿಗೆ ನಿವೃತ್ತಿ ಇಲ್ಲ, ಸಾಯುವವರೆಗೂ ಸೇವೆಯಲ್ಲಿದ್ದಂತೆ ಎಂದೆ. ಇಲ್ಲಿ ನಾನು ಸಿಕ್ಕಿಬಿದ್ದೆ. ತಿಮ್ಮಯ್ಯನವರ ಮಾತು ಎತ್ತಿದ್ದ ಹುಡುಗಿಯೇ ಎದ್ದು ನಿಂತು, ನಿವೃತ್ತಿಯೇ ಇಲ್ಲದವರ ಹೆಸರಿನಲ್ಲಿ ನಿವೃತ್ತ ಸೈನಿಕರ ದಿನ ಹೇಗಾಗುತ್ತದೆ ಮಿಸ್ ಎಂದು ಕೇಳಿದಳು. ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ವರ್ಷಗಳನ್ನು ಹಲಗೆಯ ಮೇಲೆ ಕೂಡಿ ಕಳೆಯೋಣ ಬನ್ನಿ ಎಂದೆ. 1919ರಿಂದ 1953, ಸೇವೆಯಲ್ಲಿ ಮೂವತ್ತಮೂರು ವರ್ಷ ಚಿಲ್ಲರೆ. 1953ರಿಂದ 1986, ಮಾಜಿ ಸೈನಿಕರಾಗಿ ಮತ್ತೆ ಮೂವತ್ತಮೂರು ವರ್ಷ ಚಿಲ್ಲರೆ. ಎರಡೂ ಸಮಸಮ ಬಂದದ್ದನ್ನು ನೋಡಿ ಮಕ್ಕಳಿಗಿಂತ ನನಗೇ ಹೆಚ್ಚು ಆಶ್ಚರ್ಯ. ಆ ಎರಡನೆಯ ಮೂವತ್ತಮೂರು ವರ್ಷ ಅವರೂ ನಿಮ್ಮ ತಾತನ ಹಾಗೆ ಸೇವೆ ಮುಗಿಸಿ ಊರಿಗೆ ಬಂದವರೇ, ಆ ದಿನ ಆ ವರ್ಷಗಳದ್ದು ಎಂದು ಹೇಳಿದೆ. ಹುಡುಗಿ ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ, ಆದರೆ ಕೂತಳು.

1993ರ ಮೇ 15ರಂದು ಬೆಂಗಳೂರಿನಲ್ಲಿ ಕಾರ್ಯಪ್ಪನವರು ತೀರಿಕೊಂಡರು. ಅಂತ್ಯಕ್ರಿಯೆ ಮಡಿಕೇರಿಯಲ್ಲಿ ನಡೆಯಿತು. ಗಂಟೆ ಹೊಡೆದಾಗ ಮೌಲ್ಯಮಾಪನದ ಪ್ರಶ್ನೆಗಳು ಹಾಗೇ ಉಳಿದಿದ್ದವು. ಅಂಕ ಕಡಿಮೆ ಬಂತು, ಸಮಯ ಪಾಲನೆಯ ಕಾಲಂನಲ್ಲಿ.

ಅಂದು ಸಂಜೆ ಎಟಿಎಂ ಹತ್ತಿರ ಹೋದೆ. ಹಣ ತೆಗೆಯುವುದಿರಲಿಲ್ಲ. ಹಿರಿಯರು ಎಂದಿನಂತೆ ಎದ್ದು ಬಾಗಿಲಿಗೆ ಕೈ ಹಾಕಿದರು. ನಮಸ್ಕಾರ ಹವಾಲ್ದಾರ್ ಸಾಹೇಬರೇ ಎಂದೆ. ಅವರ ಕೈ ಬಾಗಿಲ ಮೇಲೆಯೇ ನಿಂತಿತು. ಮೊಮ್ಮಗನ ಶಾಲೆಗೆ ಬಂದಿರುವ ಟೀಚರ್ ಎಂದು ತಿಳಿದ ಮೇಲೆ ನನ್ನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಲು ನೋಡಿದರು, ನಾನು ಕೂರಲಿಲ್ಲ, ಇಬ್ಬರೂ ನಿಂತೇ ಮಾತಾಡಿದೆವು. ಯಾವ ರೆಜಿಮೆಂಟು, ಎಲ್ಲೆಲ್ಲಿ ಇದ್ದದ್ದು ಎಂದು ಕೇಳಿದೆ. ಹೇಳಿದರು. ಎಲ್ಲ ಹೇಳಿಯಾದ ಮೇಲೆ ಸ್ವಲ್ಪ ಸಂಕೋಚದಿಂದ, ಮೊಮ್ಮಗನ ನೋಟ್ಸಿನಲ್ಲಿ ಒಂದು ತಪ್ಪಿದೆ ಎಂದರು. ನನ್ನ ಮೊದಲ ದಿನದ ಚಾರ್ಟಿನ ಮೂಲೆಯಲ್ಲಿ ಸೇನೆಯ ದರ್ಜೆಗಳನ್ನು ಬರೆಯುವಾಗ ನಾಯಕ್‌ಗಿಂತ ಕೆಳಗೆ ಹವಾಲ್ದಾರ್ ಎಂದು ಬರೆದಿದ್ದೆ. ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್ ಎಂದು ಬೆರಳು ಮಡಚಿ ಎಣಿಸಿ ತೋರಿಸಿದರು.

ಮರುದಿನ ಪ್ರಾರ್ಥನೆಗೆ ಮುಂಚೆಯೇ ಹೋಗಿ ಚಾರ್ಟ್ ಬಿಚ್ಚಿದೆ. ಬಿಳಿ ಕಾಗದದ ಪಟ್ಟಿ ಅಂಟಿಸಿ, ಅವರು ಹೇಳಿದ ಕ್ರಮದಲ್ಲಿ ಮತ್ತೆ ಬರೆದೆ.