ಎ, ಬಿ, ಒ ಕೊಟ್ಟು ಹೋದ ಲ್ಯಾಂಡ್‌ಸ್ಟೈನರ್

ನಮ್ಮ ಊರುಗಳಲ್ಲಿ ಈಗ ರಕ್ತದಾನ ಶಿಬಿರ ಹೊಸತೇನಲ್ಲ. ಮದ್ರಸದ ಹಾಲ್‌ನಲ್ಲಿ ಮಂಚ ಹಾಕಿದರೆ ಸಾಕು, ಯುವಕರು ಸಾಲು ನಿಲ್ಲುತ್ತಾರೆ. ರಾತ್ರಿ ಒಂದು ಗಂಟೆಗೆ ಒ ನೆಗೆಟಿವ್ ಬೇಕೆಂದು ವಾಟ್ಸ್‌ಆ್ಯಪ್ ಮೆಸೇಜ್ ಬಂದರೆ ದೇರಳಕಟ್ಟೆಗೋ ಕಂಕನಾಡಿಗೋ ಬೈಕ್ ಹತ್ತಿ ಹೊರಡುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಆದರೆ ಈ ಎ, ಬಿ, ಒ ಕಂಡುಹಿಡಿದವರು ಯಾರು ಅಂತ ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ತಾರೆ.

ಅವರ ಹೆಸರು ಕಾರ್ಲ್ ಲ್ಯಾಂಡ್‌ಸ್ಟೈನರ್. 1868ರ ಜೂನ್ 14ರಂದು ಆಸ್ಟ್ರಿಯಾದಲ್ಲಿ ಹುಟ್ಟಿದವರು. ತಂದೆ ಪತ್ರಿಕೆಯ ಸಂಪಾದಕ (ಪತ್ರಿಕೆಯವರ ಮಗ ಎಂದು ನಮಗೆ ಸ್ವಲ್ಪ ಅಭಿಮಾನ ಇರಲಿ!). ಆದರೆ ಕಾರ್ಲ್ ಆರರ ಪ್ರಾಯದಲ್ಲೇ ಯತೀಂ ಆದರು. ಸಾಕಿದ್ದು ತಾಯಿ. ಆ ತಾಯಿಯ ಮೇಲೆ ಎಷ್ಟು ಪ್ರೀತಿ ಎಂದರೆ, ಆಕೆ ತೀರಿಕೊಂಡಾಗ ಮುಖದ ಅಚ್ಚು ತೆಗೆಸಿ ಕೊನೆಯವರೆಗೂ ಗೋಡೆಯಲ್ಲಿ ತೂಗುಹಾಕಿಕೊಂಡಿದ್ದರು.

1891ರಲ್ಲಿ ವಿಯೆನ್ನಾದಲ್ಲಿ ಡಾಕ್ಟರ್ ಆದರೂ ಅವರ ಮನಸ್ಸು ಹೋದದ್ದು ಲ್ಯಾಬಿನ ಕಡೆಗೆ. ಸುಮಾರು ಹತ್ತು ವರ್ಷ ಶವಪರೀಕ್ಷೆ ವಿಭಾಗದಲ್ಲಿ ದುಡಿದರು. ಅಲ್ಲಿ ಅವರು ಪರೀಕ್ಷಿಸಿದ ಶವಗಳು 3,600ಕ್ಕೂ ಹೆಚ್ಚು.

ಆ ಕಾಲದಲ್ಲಿ ಒಬ್ಬರ ರಕ್ತ ಇನ್ನೊಬ್ಬರಿಗೆ ಕೊಡುವುದು ಜೀವದ ಜೊತೆ ಜೂಜಾಡಿದ ಹಾಗೆ. ಕೆಲವರು ಬದುಕುತ್ತಿದ್ದರು, ಕೆಲವರು ನಡುಗಿ ಒದ್ದಾಡಿ ಸಾಯುತ್ತಿದ್ದರು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕಾಯಿಲೆಯಿಂದಲೇ ಹಾಗಾಗುತ್ತದೆ ಎಂದು ನಂಬಿದವರಿದ್ದರು. ಲ್ಯಾಂಡ್‌ಸ್ಟೈನರ್ ಮಾಡಿದ್ದು ಬಹಳ ಸರಳ ಕೆಲಸ. ತನ್ನ ಮತ್ತು ಜೊತೆಗೆ ದುಡಿಯುತ್ತಿದ್ದ ಐವರ ರಕ್ತ ತೆಗೆದರು. ಎಲ್ಲರೂ ಆರೋಗ್ಯವಂತರೇ. ರಕ್ತವನ್ನು ಹಾಗೇ ಬಿಟ್ಟರೆ ಮೇಲೆ ತಿಳಿ ನಿಲ್ಲುತ್ತದೆ, ಸೀರಂ ಅಂತಾರಲ್ಲ, ಅದು. ಒಬ್ಬರ ಸೀರಂಗೆ ಇನ್ನೊಬ್ಬರ ಕೆಂಪುಕಣ ಬೆರೆಸಿ ನೋಡಿದರು. ಕೆಲವು ಜೋಡಿಗಳಲ್ಲಿ ಏನೂ ಆಗಲಿಲ್ಲ. ಕೆಲವದರಲ್ಲಿ ಕಣಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟಿದವು. ಪಟ್ಟಿ ಬರೆದು ನೋಡಿದಾಗ ಮೂರು ಬಗೆ ಕಂಡಿತು. 1901ರಲ್ಲಿ ಅದನ್ನು ಎ, ಬಿ, ಸಿ ಎಂದು ಪ್ರಕಟಿಸಿದರು. ಆ ಸಿಯೇ ನಂತರ ಒ ಆಯಿತು. ಮರುವರ್ಷ ಅವರ ಸಂಗಡಿಗರು ಎಬಿ ಕಂಡುಹಿಡಿದರು. ಇಂದಿಗೂ ನಮ್ಮ ರಕ್ತನಿಧಿಗಳಲ್ಲಿ ಬೆರೆಸಿ ನೋಡುವುದರ ಬುಡ ಇದೇ.

ಇಷ್ಟು ದೊಡ್ಡ ಸಂಗತಿಗೆ ಆಗ ಹೆಚ್ಚಿನವರು ಗಮನವೇ ಕೊಡಲಿಲ್ಲ. 1907ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಬಾರಿ ರಕ್ತ ಹೊಂದಿಸಿ ನೋಡಿ ರೋಗಿಗೆ ಕೊಟ್ಟರು. ಲ್ಯಾಂಡ್‌ಸ್ಟೈನರ್ ಅಷ್ಟರಲ್ಲಿ ಬೇರೆ ಕೆಲಸಕ್ಕೆ ಇಳಿದಿದ್ದರು. ಪೋಲಿಯೊ ಒಂದು ವೈರಸ್ಸಿನಿಂದ ಬರುತ್ತದೆ ಎಂಬುದಕ್ಕೆ 1908-09ರಲ್ಲಿ ಸಾಕ್ಷಿ ಒದಗಿಸಿದವರೂ ಇವರೇ.

ಮೊದಲ ಮಹಾಯುದ್ಧ ಮುಗಿದಾಗ ವಿಯೆನ್ನಾದಲ್ಲಿ ತಿನ್ನಲಿಕ್ಕೂ ಇಲ್ಲ, ಚಳಿಗೆ ಉರಿಸಲಿಕ್ಕೂ ಇಲ್ಲ. ಮನೆಯಲ್ಲಿ ಹೆಂಡತಿ, ಸಣ್ಣ ಮಗು. ಹೊಟ್ಟೆಪಾಡಿಗೆ ಊರು ಬಿಡುವುದು ಏನೆಂದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. 1919ರಲ್ಲಿ ಅವರು ನೆದರ್‌ಲ್ಯಾಂಡ್ಸ್‌ನ ಹೇಗ್ ನಗರಕ್ಕೆ ಹೋಗಿ, ಒಂದು ಸಣ್ಣ ಆಸ್ಪತ್ರೆಯ ಲ್ಯಾಬಿಗೆ ಸೇರಿದರು. ಐವತ್ತು ದಾಟಿದ ಆ ದೊಡ್ಡ ವಿಜ್ಞಾನಿ ಅಲ್ಲಿ ದಿನವೂ ರೋಗಿಗಳ ರಕ್ತ, ಮೂತ್ರ ಪರೀಕ್ಷೆ ಮಾಡಿ ರಿಪೋರ್ಟ್ ಬರೆದರು. ಉಳಿದ ಹೊತ್ತಿನಲ್ಲಿ ಸಂಶೋಧನೆ. ನಮಗೆ ಅವರ ಬದುಕಿನಲ್ಲಿ ನೊಬೆಲ್‌ಗಿಂತ ಹೆಚ್ಚು ಇಷ್ಟವಾಗುವುದು ಈ ವರ್ಷಗಳೇ.

ಮುಂದೆ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆ ಕರೆಸಿಕೊಂಡಿತು. ಅಲ್ಲಿದ್ದಾಗಲೇ 1930ರಲ್ಲಿ ನೊಬೆಲ್ ಸಿಕ್ಕಿತು. ಅಷ್ಟಕ್ಕೂ ಕೈ ಕಟ್ಟಿ ಕೂರಲಿಲ್ಲ. 1940ರಲ್ಲಿ ಅಲೆಕ್ಸಾಂಡರ್ ವೀನರ್ ಜೊತೆ ಆರ್‌ಎಚ್ ಅಂಶದ ವಿವರ ಪ್ರಕಟಿಸಿದರು. ನಾವು ಪಾಸಿಟಿವ್, ನೆಗೆಟಿವ್ ಅನ್ನುವುದು ಅದನ್ನೇ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ ಮುಂದಿನ ಹೆರಿಗೆಯಲ್ಲಿ ತೊಂದರೆಯಾಗಬಾರದೆಂದು ಈಗ ಡಾಕ್ಟರು ಇಂಜೆಕ್ಷನ್ ಕೊಡ್ತಾರಲ್ಲ, ಅದರ ಹಿಂದೆಯೂ ಈ ಕೆಲಸ ಇದೆ.

ಅವರನ್ನು ಹೋಗಲು ಬಿಟ್ಟ ಆಸ್ಟ್ರಿಯಾ ಮುಂದೆ ತನ್ನ 1000 ಶಿಲ್ಲಿಂಗ್ ನೋಟಿನಲ್ಲಿ ಅವರ ಚಿತ್ರ ಹಾಕಿತು. ಜೂನ್ 14 ಈಗ ವಿಶ್ವ ರಕ್ತದಾನಿಗಳ ದಿನ.

ನಿವೃತ್ತಿಯಾದ ಮೇಲೂ ಅವರು ಲ್ಯಾಬಿಗೆ ಹೋಗುವುದನ್ನು ಬಿಡಲಿಲ್ಲ. 1943ರ ಜೂನ್‌ನಲ್ಲಿ ಹೃದಯಾಘಾತವಾದಾಗ ಅವರಿದ್ದದ್ದು ಲ್ಯಾಬಿನಲ್ಲೇ, ಕೈಯಲ್ಲಿ ಪಿಪೆಟ್ ಇತ್ತು. ಎರಡು ದಿನ ಕಳೆದು, 26ರಂದು, ಅದೇ ಸಂಸ್ಥೆಯ ಆಸ್ಪತ್ರೆಯಲ್ಲಿ ತೀರಿಕೊಂಡರು.