ಮಲೆಯ ಮಾದಪ್ಪನ ಚರಿತೆಯೂ ಪರಸೆಯ ಕುಣಿತವೂ

ಮಹಾಪುರುಷರ ಜೀವನ ವೃತ್ತಾಂತವನ್ನು ನಾವು ಸಾಮಾನ್ಯವಾಗಿ ಶಾಸನಗಳಿಂದ, ಓಲೆಗರಿಗಳಿಂದ, ಗ್ರಂಥಗಳಿಂದ ಅರಿಯುತ್ತೇವೆ. ನಮ್ಮ ತಾಳವಾಡಿ ಸೀಮೆಯ ಮನೆಮನೆಯಲ್ಲಿ ಪೂಜೆಗೊಳ್ಳುವ ಮಲೆಯ ಮಹದೇಶ್ವರನ ಚರಿತೆಯಾದರೋ ಬೇರೊಂದು ಮಾರ್ಗದಿಂದ ನಮಗೆ ಬಂದು ಸೇರಿದೆ. ಅದನ್ನು ಶತಮಾನಗಳ ಕಾಲ ಹೊತ್ತು ತಂದವರು ಬಹುಮಟ್ಟಿಗೆ ಅಕ್ಷರವನ್ನೇ ಕಲಿಯದ ದೇವರಗುಡ್ಡರು. ಅವರ ಬಳಿ ಇದ್ದ ಸಾಧನಗಳು ಒಂದು ಜೊತೆ ಕಂಚಿನ ಕಂಸಾಳೆ, ಒಂದು ಕೊರಳು ಮತ್ತು ದಣಿಯದ ಕಾಲುಗಳು, ಇಷ್ಟೇ. ಆದುದರಿಂದ ಮಾದಪ್ಪನ ಜೀವಿತವನ್ನು ಬರೆಯಹೊರಟವನು ಆ ಹಾಡನ್ನೂ ಕುಣಿತವನ್ನೂ ಪರಸೆಯನ್ನೂ ಬಿಟ್ಟು ಬರೆಯಲಾರನು. ನಮ್ಮವರು ಈ ದೇವರನ್ನು ಏಕವಚನದಿಂದಲೇ ಕರೆಯುವ ರೂಢಿಯಿರುವುದರಿಂದ ಇಲ್ಲಿಯೂ ಅದೇ ಸಲುಗೆಯನ್ನು ಅನುಸರಿಸಲಾಗಿದೆ.

ಮಾದಪ್ಪನು ನೆಲೆಸಿದ ಬೆಟ್ಟವು ಇಂದಿನ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿದೆ. ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುರುಮಲೆ ಮೊದಲಾಗಿ ಎಪ್ಪತ್ತೇಳು ಮಲೆಗಳ ನಡುವೆ ಅವನ ವಾಸವೆಂದು ಪದಗಾರರು ಹಾಡುತ್ತಾರೆ. ಅವನ ಕಾಲವನ್ನು ವಿದ್ವಾಂಸರಲ್ಲಿ ಬಹುಮಂದಿ 15ನೆಯ ಶತಮಾನದ ಆಸುಪಾಸಿಗೆ ಇಡುತ್ತಾರೆ. ಪದಗಾರನಿಗೆ ಇಸವಿಯ ಚಿಂತೆಯಿಲ್ಲ. ಅವನ ದೃಷ್ಟಿಯಲ್ಲಿ ಮಾದಪ್ಪನು ಸ್ವರ್ಗದಿಂದ ಇಳಿದ ದೇವನೂ ಹೌದು, ಜೋಳಿಗೆ ಹಿಡಿದು ಹಳ್ಳಿಯಿಂದ ಹಳ್ಳಿಗೆ ನಡೆದ ಬಡ ಜಂಗಮನೂ ಹೌದು.

ಕಾವ್ಯದ ಪ್ರಕಾರ ಅವನ ಜನನವು ಉತ್ತರದೇಶದಲ್ಲಿ, ಉತ್ತರಾಜಮ್ಮನೆಂಬ ತಾಯಿಯ ಮಡಿಲಲ್ಲಿ. ಎಳೆಯ ವಯಸ್ಸಿನಲ್ಲಿಯೇ ಮನೆಯನ್ನು ತೊರೆದು ದಕ್ಷಿಣಕ್ಕೆ ಬಂದ ಈ ಬಾಲಕನು ಕಪಿಲಾ ತೀರದ ಸುತ್ತೂರು ಮಠವನ್ನು ಸೇರುತ್ತಾನೆ. ಅಲ್ಲಿ ಅವನಿಗೆ ಒದಗಿದ ಕೆಲಸ ರಾಗಿ ಬೀಸುವುದು. ಮುಂದೆ ಲಕ್ಷಾಂತರ ಜನರಿಂದ ಪೂಜೆಗೊಳ್ಳಲಿದ್ದವನು ಮೊದಲು ಕುಳಿತದ್ದು ಬೀಸುವ ಕಲ್ಲಿನ ಮುಂದೆ ಎಂಬುದನ್ನು ನಮ್ಮ ಹೆಂಗಸರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಬೆಳಗಿನ ಜಾವದಲ್ಲೆದ್ದು ರಾಗಿಕಲ್ಲು ತಿರುವುತ್ತಿದ್ದ ನಮ್ಮ ಅಜ್ಜಿಯರಿಗೆ ಅವನು ದೂರದ ದೇವರಾಗಿರಲಿಲ್ಲ, ತಮ್ಮ ಕಷ್ಟವನ್ನು ಕೈಯಿಂದಲೇ ಅರಿತವನಾಗಿದ್ದನು. ಅಲ್ಲಿಂದ ಕುಂತೂರು ಮಠಕ್ಕೆ ಹೋಗಿ ಗುರುವಿನ ಉಪದೇಶವನ್ನು ಪಡೆದು, ಆಮೇಲೆ ಕಾಡಿನ ಹಾದಿ ಹಿಡಿದನು.

ಅವನ ಸಾಹಸಗಳಲ್ಲಿ ಮುಖ್ಯವಾದುದು ಶ್ರವಣನೆಂಬ ದಾನವನ ಸಂಹಾರ. ದೇವತೆಗಳನ್ನೆಲ್ಲ ಸೆರೆಯಲ್ಲಿಟ್ಟು ಮೆರೆಯುತ್ತಿದ್ದ ಆ ದಾನವನನ್ನು ಗೆಲ್ಲಲು ಮಾದಪ್ಪನು ಸೇನೆಯನ್ನು ಕೂಡಿಸಲಿಲ್ಲ. ಹರಳಯ್ಯನೆಂಬ ಚಮ್ಮಾರನಿಂದ ಪಾದರಕ್ಷೆಗಳನ್ನು ಮಾಡಿಸಿ, ಆ ಪಾದರಕ್ಷೆಗಳ ಉಪಾಯದಿಂದಲೇ ದಾನವನ ಗರ್ವವನ್ನು ಮುರಿದನೆಂದು ಹಾಡು ಹೇಳುತ್ತದೆ. ಊರಿನ ಹೊರಗಿದ್ದ ಕುಶಲಿಯ ಕೈಕೆಲಸವು ದೇವತೆಗಳ ಬಂಧನವನ್ನು ಬಿಡಿಸಿತು. ಈ ಒಂದು ಪ್ರಸಂಗವೇ ಮಾದಪ್ಪನ ಒಕ್ಕಲಿನ ಸ್ವರೂಪವನ್ನು ತಿಳಿಸಲು ಸಾಕು. ಕುರುಬರು, ಒಕ್ಕಲಿಗರು, ಲಿಂಗವಂತರು, ಬೆಸ್ತರು, ನಾಯಕರು, ಪರಿಶಿಷ್ಟ ಜಾತಿಗಳವರು, ಸೋಲಿಗರು, ಎಲ್ಲರೂ ಅವನನ್ನು ತಮ್ಮ ಮನೆದೇವರೆಂದು ಕರೆಯುವುದಕ್ಕೆ ಕಾರಣವನ್ನು ಬೇರೆಲ್ಲಿಯೂ ಅರಸಬೇಕಾಗಿಲ್ಲ.

ಮಲೆಯನ್ನು ಹೊಕ್ಕ ಮಾದಪ್ಪನು ಹುಲಿಯನ್ನೇ ವಾಹನವಾಗಿ ಮಾಡಿಕೊಂಡನು. ನಾಗಬೆತ್ತವನ್ನು ಕೈಯಲ್ಲಿ ಹಿಡಿದನು. ಕಾಡಿನಲ್ಲಿ ಬೇಟೆಯಾಡಿ ಬಾಳುತ್ತಿದ್ದವರನ್ನು ತನ್ನವರನ್ನಾಗಿ ಮಾಡಿಕೊಂಡನೆಂದೂ ಆ ಪರಂಪರೆಯವರೇ ಇಂದು ಬೆಟ್ಟದಲ್ಲಿ ಪೂಜೆಯನ್ನು ನಡೆಸುವ ಬೇಡಗಂಪಣರೆಂದೂ ಐತಿಹ್ಯವಿದೆ. ಪರಸ್ಥಳದಿಂದ ಬಂದವನು ಕಾಡಿನ ಮೂಲನಿವಾಸಿಗಳನ್ನು ಓಡಿಸಲಿಲ್ಲ. ಅವರ ನಡುವೆ ಉಳಿದನು, ಅವರಿಂದಲೇ ಸೇವೆಯನ್ನು ಪಡೆದನು.

ಈ ಚರಿತೆಯ ಭಾಗಗಳನ್ನು ಪದಗಾರರು ಸಾಲುಗಳೆನ್ನುತ್ತಾರೆ. ಅವುಗಳಲ್ಲಿ ಸಂಕಮ್ಮನ ಸಾಲು ಕೇಳುಗರ ಕಣ್ಣನ್ನು ಒದ್ದೆಮಾಡುವಂಥದು. ಸಂಕಮ್ಮ ಸೋಲಿಗರ ನೀಲೇಗೌಡನ ಮಡದಿ. ಜೇನು ತರಲು ದೂರದ ಮಲೆಗೆ ಹೊರಟ ಗಂಡನು ತಾನಿಲ್ಲದ ಕಾಲದಲ್ಲಿ ತಪ್ಪದೆ ನಡೆಯುವೆನೆಂದು ಭಾಷೆ ಕೊಡಬೇಕೆಂದು ಅವಳನ್ನು ಒತ್ತಾಯಿಸಿದನು. ತಪ್ಪನ್ನೇ ಮಾಡದವಳು ಭಾಷೆಯನ್ನೇಕೆ ಕೊಡಬೇಕೆಂಬುದು ಅವಳ ನಿಲುವು. ಅವನು ಹಿಂಸಿಸಿದರೂ ಅವಳು ಮಣಿಯಲಿಲ್ಲ. ಕಡೆಗೆ ಅವಳನ್ನು ಕಾಡಿನ ಗುಡಿಸಲಿನಲ್ಲಿ ಸೆರೆಯಿಟ್ಟು ಅವನು ಹೊರಟುಹೋದನು. ಆ ಗುಡಿಸಲಿಗೆ ಮಾದಪ್ಪನು ಜಂಗಮನ ರೂಪದಲ್ಲಿ ಬಂದು ಅವಳಿಗೆ ಮಕ್ಕಳ ಫಲವನ್ನು ಕೊಟ್ಟನು. ಕಾರಯ್ಯ, ಬಿಲ್ಲಯ್ಯ ಎಂಬ ಆ ಇಬ್ಬರು ಮಕ್ಕಳು ಮಾದಪ್ಪನ ಶಿಶುಮಕ್ಕಳಾದರು. ಹಿಂದಿರುಗಿದ ಗಂಡನು ಸಂದೇಹಪಟ್ಟು ಒಡ್ಡಿದ ಪರೀಕ್ಷೆಗಳನ್ನೆಲ್ಲ ಅವಳು ಗೆದ್ದಳು. ಸೋಲಿಗರಲ್ಲಿ ಅನೇಕರು ತಾವು ಕಾರಯ್ಯನ ಸಂತತಿಯೆಂದು ಹೇಳಿಕೊಳ್ಳುತ್ತಾರೆ. ಅರಮನೆಯ ರಾಣಿಯರ ಶೀಲವನ್ನು ಹೊಗಳಿದ ಕಾವ್ಯಗಳು ನಮ್ಮಲ್ಲಿ ಬೇಕಾದಷ್ಟಿವೆ. ಕಾಡಿನ ಬಡ ಹೆಣ್ಣೊಬ್ಬಳ ಆತ್ಮಗೌರವವನ್ನು ಇಷ್ಟು ದೀರ್ಘವಾಗಿ, ಇಷ್ಟು ಮರ್ಯಾದೆಯಿಂದ ಹಾಡಿರುವ ಕಾವ್ಯಗಳು ವಿರಳ.

ಬೇವಿನಹಟ್ಟಿಯ ಕಾಳಮ್ಮನ ಸಾಲು ಇದಕ್ಕೆ ಪ್ರತಿಯಾದುದು. ಅವಳಿಗೆ ಸಿರಿಸಂಪತ್ತಿತ್ತು, ತುಂಬಿದ ಸಂಸಾರವಿತ್ತು. ಮನೆಬಾಗಿಲಿಗೆ ಬಂದ ಜಂಗಮನಿಗೆ ಹಿಡಿ ಭಿಕ್ಷೆಯನ್ನು ನೀಡುವ ಮನಸ್ಸು ಮಾತ್ರ ಇರಲಿಲ್ಲ. ಆ ಸಿರಿ ನಿಲ್ಲಲಿಲ್ಲ. ಆಲಂಬಾಡಿಯ ಜುಂಜೇಗೌಡನಾದರೋ ಸಿರಿವಂತನಾದರೂ ಕೊನೆಗೆ ಬಾಗಿದವನು. ಬೆಟ್ಟದ ಮೇಲೆ ಮಾದಪ್ಪನಿಗೆ ಗುಡಿಯನ್ನು ಕಟ್ಟಿಸಿದ ಪುಣ್ಯ ಅವನದೆಂದು ಪರಂಪರೆಯು ನೆನೆಯುತ್ತದೆ. ಇಂತು ಲೋಕದ ಕಾರ್ಯವನ್ನು ಮುಗಿಸಿ ಮಾದಪ್ಪನು ಅಲ್ಲಿಯೇ ಲಿಂಗರೂಪದಲ್ಲಿ ನೆಲೆಯಾದನು.

ಇನ್ನು ಈ ಚರಿತೆಯನ್ನು ಉಳಿಸಿದವರ ವಿಷಯ. ಮಾದಪ್ಪನಿಗೆ ಹರಕೆ ಹೊತ್ತು ದೀಕ್ಷೆಯನ್ನು ಪಡೆದವರೇ ದೇವರಗುಡ್ಡರು. ಕೊರಳಲ್ಲಿ ರುದ್ರಾಕ್ಷಿ, ಹೆಗಲಲ್ಲಿ ಜೋಳಿಗೆ, ಕೈಯಲ್ಲಿ ಕಂಸಾಳೆ, ಇವು ಅವರ ಲಾಂಛನ. ಕಂಸಾಳೆಯ ಒಂದು ತಾಳವು ನಡುವೆ ಬಟ್ಟಲಿನಂತೆ ಕುಳಿಯುಳ್ಳದ್ದು, ಅದನ್ನು ಎಡ ಅಂಗೈಯಲ್ಲಿ ಹಿಡಿಯುತ್ತಾರೆ. ಇನ್ನೊಂದು ಚಪ್ಪಟೆಯಾದದ್ದು, ಅದಕ್ಕೆ ದಾರವನ್ನೂ ಗೊಂಡೆಯನ್ನೂ ಕಟ್ಟಿ ಬಲಗೈಯಿಂದ ಬೀಸುತ್ತಾರೆ. ಕುಳಿತು ಹಾಡುವಾಗ ಮುಖ್ಯ ಪದಗಾರನ ಹಿಂದೆ ದಮ್ಮಡಿ, ಏಕತಾರಿಗಳ ಹಿಮ್ಮೇಳವಿದ್ದು, ಒಂದು ಸಾಲು ಮುಗಿಯುವಷ್ಟರಲ್ಲಿ ಬೆಳಗಾಗುವುದುಂಟು. ಬೀಸು ಕಂಸಾಳೆಯಲ್ಲಾದರೋ ಗುಡ್ಡರು ಎದ್ದು ನಿಂತು ಸಾಲಾಗಿ, ಸುತ್ತಾಗಿ, ಎದುರುಬದುರಾಗಿ ಕುಣಿಯುತ್ತಾರೆ. ತಾಳವು ತಲೆಯ ಮೇಲೆ, ಬೆನ್ನ ಹಿಂದೆ, ಮೊಣಕಾಲಿನ ಕೆಳಗೆ ಸುಳಿದು ಬಂದು ಬಟ್ಟಲಿಗೆ ತಾಗುತ್ತದೆ. ಒಮ್ಮೆ ತನ್ನ ಬಟ್ಟಲಿಗೆ, ಇನ್ನೊಮ್ಮೆ ಪಕ್ಕದವನ ಬಟ್ಟಲಿಗೆ. ಒಬ್ಬನು ಲಯ ತಪ್ಪಿದರೆ ಕಂಚಿನ ಪೆಟ್ಟು ಇನ್ನೊಬ್ಬನ ಮೈಗೆ ಬೀಳುತ್ತದೆ. ಆದ್ದರಿಂದ ಈ ಕುಣಿತವನ್ನು ಕಲಿಯುವವನು ಮೊದಲು ಕಲಿಯಬೇಕಾದುದು ಜೊತೆಯವನ ಮೇಲೆ ಗಮನವನ್ನಿಡುವುದು.

ಪರಸೆಯ ವೈಭವವನ್ನು ದೀಪಾವಳಿ, ಮಹಾಶಿವರಾತ್ರಿ, ಯುಗಾದಿಗಳ ಜಾತ್ರೆಯಲ್ಲಿ ನೋಡಬೇಕು. ಕೌದಳ್ಳಿಯನ್ನು ದಾಟಿ ತಾಳಬೆಟ್ಟದಲ್ಲಿ ಕಾಯೊಡೆದು, ಉಘೇ ಉಘೇ ಮಾದಪ್ಪ ಎನ್ನುತ್ತ ಜನರು ಸಾಲುಸಾಲಾಗಿ ಬೆಟ್ಟವನ್ನು ಏರುತ್ತಾರೆ. ತಲೆಯ ಮೇಲೆ ಬುತ್ತಿಯ ಗಂಟು, ಕಂಕುಳಲ್ಲಿ ಕೂಸು, ಮುಂದೆ ಕಂಸಾಳೆಯ ಮೇಳ. ಕಾಡಿನೊಳಗೆ ಹಾದಿ ಕಡಿದಾದಷ್ಟೂ ಹಾಡು ಗಟ್ಟಿಯಾಗುತ್ತದೆ. ಬೆಟ್ಟದ ಮೇಲೆ ಪಂಜಿನ ಸೇವೆ, ಧೂಪದ ಸೇವೆ, ಉರುಳು ಸೇವೆ, ಕಸ ಗುಡಿಸುವ ರಜಾ ಸೇವೆಗಳು ನಡೆಯುತ್ತಿರುತ್ತವೆ. ಹುಲಿವಾಹನದ ಮೇಲೆ ಮಾದಪ್ಪನ ಮೂರ್ತಿಯು ಗುಡಿಯನ್ನು ಸುತ್ತಿ ಬರುವಾಗ ಒಕ್ಕಲಿನವರು ತಾವು ಬೆಳೆದ ದವಸವನ್ನೂ ನಾಣ್ಯಗಳನ್ನೂ ಎರಚಿ ಹರಕೆಯನ್ನು ತೀರಿಸುತ್ತಾರೆ. ದೀಪಾವಳಿಯಲ್ಲಿ ನಡೆಯುವ ಹಾಲರವಿ ಉತ್ಸವವು ಮೆರವಣಿಗೆಗಳಲ್ಲೆಲ್ಲ ಸುಂದರವಾದುದು. ಬೇಡಗಂಪಣರ 101 ಮಂದಿ ಪುಟ್ಟ ಹೆಣ್ಣುಮಕ್ಕಳು ಉಪವಾಸವಿದ್ದು, ಹಾಲಹಳ್ಳದಿಂದ ನೀರನ್ನು ತುಂಬಿದ ಕಲಶಗಳನ್ನು ತಲೆಯ ಮೇಲೆ ಹೊತ್ತು, ಸತ್ತಿಗೆ ಸೂರಿಪಾನಿಗಳೊಡನೆ, ವಾದ್ಯದೊಡನೆ, ಕಾಡುಹಾದಿಯಲ್ಲಿ ನಡೆದು ಗುಡಿಗೆ ಬರುತ್ತಾರೆ. ಆ ನೀರಿನಿಂದ ಮಾದಪ್ಪನಿಗೆ ಅಭಿಷೇಕವಾಗುತ್ತದೆ. ಅಷ್ಟು ದೊಡ್ಡ ಜನಸಾಗರವು ಆ ಮಕ್ಕಳಿಗೆ ದಾರಿ ಬಿಟ್ಟು ಕೈಮುಗಿದು ನಿಲ್ಲುವ ನೋಟವನ್ನು ಕಂಡವರು ಮರೆಯಲಾರರು.

ಈಗ ನಮ್ಮ ಗಡಿನಾಡಿನ ಮಾತಿಗೆ ಬರೋಣ. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಕೊಳ್ಳೇಗಾಲವೂ ಸತ್ಯಮಂಗಲದ ಸೀಮೆಯೂ ಕೊಯಮತ್ತೂರು ಜಿಲ್ಲೆಯ ಭಾಗಗಳಾದುವು. ಮಾದಪ್ಪನ ಬೆಟ್ಟವೂ ನಮ್ಮ ತಾಳವಾಡಿಯೂ ಒಂದೂವರೆ ಶತಮಾನ ಕಾಲ ಒಂದೇ ಜಿಲ್ಲೆಯಲ್ಲಿದ್ದುವು. 1956ನೆಯ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯವನ್ನು ಸೇರಿತು. ತಾಳವಾಡಿ ಮದರಾಸು ರಾಜ್ಯದಲ್ಲಿ ಉಳಿಯಿತು. 1979ರಲ್ಲಿ ಕೊಯಮತ್ತೂರು ಒಡೆದು, ಇಂದು ಈರೋಡು ಎನಿಸಿರುವ ಜಿಲ್ಲೆಯೊಳಗೆ ನಾವು ಸೇರಿದೆವು. ದೇವರು ಒಂದು ರಾಜ್ಯದಲ್ಲಿ, ಒಕ್ಕಲು ಇನ್ನೊಂದು ರಾಜ್ಯದಲ್ಲಿ ಎಂಬ ಸ್ಥಿತಿ ಉಂಟಾಯಿತು. ಹಾಗೆಂದು ಪರಸೆ ನಿಲ್ಲಲಿಲ್ಲ. ನಮ್ಮವರು ಚಾಮರಾಜನಗರ, ಕೊಳ್ಳೇಗಾಲಗಳ ಹಾದಿಯಾಗಿ ಹೋಗುವಂತೆಯೇ ಮೇಟೂರಿನ ಕಡೆಯ ತಮಿಳು ಒಕ್ಕಲಿನವರು ಪಾಲಾರಿನ ಹಾದಿಯಾಗಿ ಬರುತ್ತಾರೆ. ಮಾದಪ್ಪನ ಮುಂದೆ ಎರಡು ನುಡಿಯವರೂ ಒಂದೇ ಪಂಕ್ತಿಯವರು. ಈ ಮಾತಿನಲ್ಲಿ ಯಾರಿಗೂ ಕಲಹದ ಭಾವ ಬೇಡ.

ಆದರೆ ಒಂದು ವಿಷಯವನ್ನು ನಾವು ಮರೆಯಬಾರದು. ಬೆಟ್ಟಕ್ಕೆ ಯಾವ ನುಡಿಯವರೂ ಹೋಗಬಹುದು. ಮಾದಪ್ಪನ ಚರಿತೆ ಮಾತ್ರ ಕನ್ನಡದಲ್ಲಿದೆ. ಅದೂ ಗ್ರಂಥದ ಕನ್ನಡವಲ್ಲ, ಚಾಮರಾಜನಗರ, ಕೊಳ್ಳೇಗಾಲ, ತಾಳವಾಡಿಗಳ ಜನ ಮನೆಯಲ್ಲಿ ಆಡುವ ಕನ್ನಡ. 1973ರಲ್ಲಿ ಡಾ. ಪಿ.ಕೆ. ರಾಜಶೇಖರರು ಈ ಮಹಾಕಾವ್ಯವನ್ನು ಸಂಗ್ರಹಿಸಿ ಪ್ರಕಟಿಸಿದರು. 2001ರಲ್ಲಿ ಸಾಹಿತ್ಯ ಅಕಾಡೆಮಿಯು ಅದರ ಒಂದು ಪಾಠವನ್ನು ಇಂಗ್ಲಿಷಿಗೆ ತರಿಸಿತು. ಪಂಡಿತರಿಗೆ ಅದರ ಬೆಲೆ ತಿಳಿದಿದೆ. ಅಚ್ಚಿನ ಪುಸ್ತಕವು ಪದಗಳನ್ನು ಕಾಪಾಡಬಲ್ಲುದು, ಬೀಸುವ ಕೈಯನ್ನೂ ಕೊರಳಿನ ಏರಿಳಿತವನ್ನೂ ಕಾಪಾಡಲಾರದು. ಅವು ಗುರುವಿನಿಂದ ಶಿಷ್ಯನಿಗೆ, ತಂದೆಯಿಂದ ಮಗನಿಗೆ ಬರಬೇಕು. ಸಂಕಮ್ಮ ಭಾಷೆ ಕೊಡಲೊಲ್ಲದೆ ನಿಂತ ಸಂದರ್ಭವನ್ನು ಕೇಳಿ ಅದರ ನೋವನ್ನು ಅರಿಯದ ಮಗುವಿಗೆ ಕಂಸಾಳೆಯು ಬರಿಯ ಸದ್ದಾಗಿ ಉಳಿಯುತ್ತದೆ.

ನಮ್ಮ ಮಲೆಯಲ್ಲಿ ಕುಣಿತಕ್ಕೆ ಕೊರತೆಯಿಲ್ಲ. ಸೋಲಿಗರು ಗೋರುಕನವನ್ನು ಹಾಡಿ ಸುತ್ತುಗಟ್ಟಿ ಕುಣಿಯುತ್ತಾರೆ. ದೀಪಾವಳಿ ಮುಗಿದ ಬೆನ್ನಲ್ಲೇ ಗುಮಟಾಪುರದಲ್ಲಿ ಬೀರೇಶ್ವರನ ಸನ್ನಿಧಿಯ ಗೊರೆಹಬ್ಬಕ್ಕೆ ಗಡಿಯ ಎರಡು ಕಡೆಯಿಂದಲೂ ಜನ ನೆರೆಯುತ್ತಾರೆ. ಆದರೆ ಮಾದಪ್ಪನ ಕುಣಿತದಲ್ಲಿ ಹಬ್ಬದ ಸಂಭ್ರಮದೊಡನೆ ಒಂದು ಇಡಿಯ ಬಾಳಿನ ಕಥೆಯೂ ಸೇರಿದೆ. ರಾಗಿ ಬೀಸಿದ ಬಾಲಕ, ಹರಳಯ್ಯನ ಕೆಲಸವನ್ನು ಮೆಚ್ಚಿದ ಗುರು, ಸಂಕಮ್ಮನಿಗೆ ನೆರವಾದ ಜಂಗಮ, ಇವರೆಲ್ಲರೂ ಆ ಕಂಚಿನ ನಾದದಲ್ಲಿ ಬದುಕಿದ್ದಾರೆ.

ಮುಂದಿನ ಜಾತ್ರೆಗೆ ಹೊರಡುವ ಹಿರಿಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮಕ್ಕಳನ್ನು ಜೊತೆಯಲ್ಲಿ ಕರೆದೊಯ್ಯಿರಿ. ದಾರಿಯಲ್ಲಿ ಸಾಲುಗಳ ಕಥೆಯನ್ನು ಮನೆಯ ಮಾತಿನಲ್ಲಿ ಹೇಳಿರಿ. ಊರಿನಲ್ಲಿ ಕಂಸಾಳೆ ಬಲ್ಲ ಗುಡ್ಡರಿದ್ದರೆ ಶಾಲೆಯ ಹಬ್ಬಕ್ಕೆ ಕರೆಯಿಸಿ, ಅವರಿಗೆ ವೀಳ್ಯವಿಟ್ಟು ಗೌರವಿಸಿ, ಹುಡುಗರಿಗೆ ನಾಲ್ಕು ಹೆಜ್ಜೆಯನ್ನಾದರೂ ಕಲಿಸಿಕೊಡುವಂತೆ ಬೇಡಿಕೊಳ್ಳಿರಿ. ಎಪ್ಪತ್ತೇಳು ಮಲೆಯ ಒಡೆಯನು ನಮ್ಮ ಮಕ್ಕಳ ಕೊರಳಲ್ಲಿ ನೆಲಸಲಿ.